ಹರಡಿನ ಮೇಲಿನ ತೆಳುಚರ್ಮ

ಮಠದ ಪ್ರಸಾದನಿಲಯದಲ್ಲಿ ನಮ್ಮೊಡನೆ ಆರು ವರ್ಷ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡ ಗೆಳೆಯರೊಬ್ಬರಿದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಊರಿನವರಿಗೆಲ್ಲ ಅವರು ಮಾಸ್ತರರು; ಈ ಬರಹದಲ್ಲಿಯೂ ನಾವು ಅವರನ್ನು ಹಾಗೆಯೇ ಕರೆಯುತ್ತೇವೆ. 1988ರಲ್ಲಿ ಶಾಲೆಯಿಂದ ಮರಳುವಾಗ ಸೈಕಲ್ಲು ಜಾರಿ ಕಾಲುವೆಯ ಕಲ್ಲಿನ ಮೇಲೆ ಬಿದ್ದರು. ಬಲಗಾಲಿನ ಹರಡು ಮುರಿಯಿತು. ಪಟ್ಟು ಕಟ್ಟಿಸಿಕೊಂಡರು, ಎಲುಬು ಕೂಡಿತು, ನಡೆದಾಡಿದರು. ಆದರೆ ಕೂಡಿದ್ದು ಸರಿಯಾಗಿ ಕೂಡಿರಲಿಲ್ಲವೆಂಬುದು ಮೂವತ್ತು ವರ್ಷಗಳ ತರುವಾಯ ತಿಳಿಯಿತು. ಒಂದೊಂದು ಹೆಜ್ಜೆಗೂ ಹರಡಿನಲ್ಲಿ ಮುಳ್ಳು ಮುರಿದಂತಾಗುವುದು. ರಾತ್ರಿ ಹಾಸಿಗೆಯಲ್ಲಿಯೂ ನೋವು. 2023ರ ಜೂನ್ ತಿಂಗಳಿನಲ್ಲಿ ಅವರು ನಮಗೆ ಫೋನು ಮಾಡಿ, “ನೋಡೋ, ಬೆಂಗಳೂರಿನ ಡಾಕ್ಟರು ಹರಡಿನ ಕೀಲು ಬದಲು ಮಾಡ್ತಾರಂತ. ನೀ ಜೋಡಿ ಬಾ” ಎಂದರು. ನಾವು ಹೋದೆವು.

ನಾವು ವೈದ್ಯರಲ್ಲ. ನಮ್ಮ ಓದು ವ್ಯಾಕರಣ ಮತ್ತು ಶಾಸ್ತ್ರಗಳದ್ದು. ಆದರೆ ಆ ಪ್ರಯಾಣದಲ್ಲಿಯೂ ಅದರ ಮುಂದಿನ ಎಂಟು ತಿಂಗಳುಗಳಲ್ಲಿಯೂ ಕಂಡದ್ದು, ಕೇಳಿದ್ದು, ಆಮೇಲೆ ಓದಿ ತಿಳಿದದ್ದು ನಮ್ಮ ಓದುಗ ಕುಟುಂಬಗಳಿಗೆ ಉಪಯೋಗವಾದೀತೆಂದು ಈ ತಿಂಗಳ ಅಂಕಣವನ್ನು ಅದಕ್ಕೆ ಮೀಸಲಿಟ್ಟಿದ್ದೇವೆ. ಮೊಣಕಾಲಿನ ಕೃತಕ ಕೀಲು ಈಗ ಮನೆಮಾತಾಗಿದೆ. ಪ್ರತಿ ಓಣಿಯಲ್ಲಿಯೂ ಅದನ್ನು ಹಾಕಿಸಿಕೊಂಡ ತಾಯಂದಿರಿದ್ದಾರೆ. ಹರಡಿನದು ಹಾಗಲ್ಲ, ಅದು ಅಪರೂಪ. ಮೊಣಕಾಲಿನ ಅನುಭವವನ್ನೇ ನೆಚ್ಚಿ ಹರಡಿಗೆ ಕೈಹಾಕುವವರು ಒಂದು ವಿಷಯದಲ್ಲಿ ಮೋಸಹೋಗುತ್ತಾರೆ. ಅದು ಗಾಯ ಮಾಯುವ ವಿಷಯ.

ಮೊದಲು ಕೀಲಿನ ರಚನೆಯನ್ನು ಹೇಳಿಬಿಡುವುದು ಒಳ್ಳೆಯದು. ಹರಡೆಂದರೆ ಕಾಲೂ ಪಾದವೂ ಕೂಡುವ ಸ್ಥಾನ. ಕೆಲವು ಸೀಮೆಗಳಲ್ಲಿ ಕಣಕಾಲ ಗಿಣ್ಣು ಎನ್ನುವರು. ಕಾಲಿನ ಎರಡು ಎಲುಬುಗಳು, ಎಂದರೆ ಟಿಬಿಯಾ ಮತ್ತು ಫಿಬ್ಯುಲಾ, ಕೆಳಗೆ ಒಂದು ಚೌಕಟ್ಟಿನಂತಾಗುತ್ತವೆ. ಪಾದದ ಮೇಲ್ತುದಿಯ ಟೇಲಸ್ ಎಂಬ ಎಲುಬು ಆ ಚೌಕಟ್ಟಿನೊಳಗೆ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ನಡುವೆ ನುಣುಪಾದ ಮೃದ್ವಸ್ಥಿಯ ಪದರವಿದೆ. ಅದು ಸವೆದುಹೋದರೆ ಎಲುಬಿಗೆ ಎಲುಬು ತಿಕ್ಕುತ್ತದೆ. ಮೊಣಕಾಲು ವಯಸ್ಸಿನಿಂದ ಸವೆಯುವುದು ಹೆಚ್ಚು. ಹರಡು ಹಾಗಲ್ಲ, ಅದು ಬಹುಪಾಲು ಹಳೆಯ ಪೆಟ್ಟಿನಿಂದ ಕೆಡುತ್ತದೆ. ಮಾಸ್ತರರ ಕಾಲುವೆಯ ಕಲ್ಲು ಅಂಥದು. ರುಮಟಾಯ್ಡ್ ಸಂಧಿವಾತದಿಂದ ಕೆಡುವುದೂ ಉಂಟು.

ಔಷಧ, ಸೂಜಿಮದ್ದು, ಬೂಟಿನ ಆಧಾರ ಇವೆಲ್ಲ ಸೋತಾಗ ಉಳಿಯುವ ದಾರಿಗಳು ಎರಡು. ಎಲುಬುಗಳನ್ನು ಸ್ಕ್ರೂಗಳಿಂದ ಬಿಗಿದು ಕೀಲನ್ನೇ ಶಾಶ್ವತವಾಗಿ ಬೆಸೆದುಬಿಡುವುದು ಒಂದು. ನೋವು ಹೋಗುತ್ತದೆ, ಜೊತೆಗೆ ಆ ಕೀಲಿನ ಚಲನೆಯೂ ಹೋಗುತ್ತದೆ. ಸವೆದ ತುದಿಗಳನ್ನು ಕತ್ತರಿಸಿ ಲೋಹದ ಎರಡು ಭಾಗಗಳನ್ನು ಕೂರಿಸಿ ನಡುವೆ ಪಾಲಿಥೀನಿನ ತುಂಡನ್ನಿಡುವುದು ಇನ್ನೊಂದು. ಈ ಎರಡನೆಯದನ್ನು 1970ರ ಸುಮಾರಿಗೆ ಫ್ರಾನ್ಸಿನಲ್ಲಿ ಲಾರ್ಡ್ ಮತ್ತು ಮಾರೋಟ್ ಎಂಬ ವೈದ್ಯರು ಆರಂಭಿಸಿದರು. ಆ ಮೊದಲ ಕೀಲುಗಳಲ್ಲಿ ಬಹಳಷ್ಟು ವಿಫಲವಾದವು. ಅನಂತರ ಡೆನ್ಮಾರ್ಕಿನ ಕೋಫೋಡ್ ಮೊದಲಾದವರು ಉತ್ತಮವಾದ ವಿನ್ಯಾಸಗಳನ್ನು ತಂದರು. ಈಗಿನ ಕೀಲುಗಳು ಹಿಂದಿನವುಗಳಿಗಿಂತ ಬಹಳ ಮೇಲು. ಆದರೆ ಕೀಲು ಎಷ್ಟೇ ಉತ್ತಮವಾಗಿದ್ದರೂ ಅದನ್ನು ಒಳಗಿಡಲು ಚರ್ಮವನ್ನು ಕೊಯ್ಯಲೇಬೇಕಲ್ಲ!

ಬೆಂಗಳೂರಿನ ವೈದ್ಯರು ಮಾಸ್ತರರ ಎಕ್ಸ್‌ರೇಯನ್ನು ಎರಡು ನಿಮಿಷ ನೋಡಿದರು. ಕಾಲಿನ ಚರ್ಮವನ್ನು ಮಾತ್ರ ಬಹಳ ಹೊತ್ತು ನೋಡಿದರು. ಹರಡಿನ ಮುಂಭಾಗದ ಚರ್ಮವನ್ನು ಎರಡು ಬೆರಳುಗಳಿಂದ ಮೆಲ್ಲಗೆ ಚಿವುಟಿ ಎತ್ತಿದರು, ಪಾದದ ಮೇಲಣ ನಾಡಿಯನ್ನು ಹುಡುಕಿದರು, ಬಾಯಿ ತೆರೆಯಿಸಿ ಹಲ್ಲಿನ ಬಣ್ಣವನ್ನು ನೋಡಿದರು. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಎಂದು ಕೇಳಿದರು. ಹದಿನಾಲ್ಕು ವರ್ಷ. ತಂಬಾಕು? ನಲವತ್ತು ವರ್ಷ, ಸೇದುವುದಲ್ಲ, ಎಲೆ ಅಡಿಕೆಯೊಂದಿಗೆ ಜಗಿಯುವುದು. ರಕ್ತಪರೀಕ್ಷೆಗಳು ಬಂದವು. ಮರುದಿನ ವೈದ್ಯರು, “ಕೀಲು ಬದಲಿಸಬಹುದು. ಆದರೆ ಈಗ ಬದಲಿಸುವುದಿಲ್ಲ. ಮೂರು ತಿಂಗಳು ಬಿಟ್ಟು ಬನ್ನಿ” ಎಂದರು.

ಹೊರಗೆ ಬಂದ ಮೇಲೆ ಆದ ಗದ್ದಲವನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಮಗನು ಹದಿನೈದು ದಿನಗಳ ರಜೆ ಹಾಕಿ ಬಂದಿದ್ದನು. ಬೇರೆ ಆಸ್ಪತ್ರೆಗೆ ಹೋದರೆ ನಾಳೆಯೇ ಮಾಡುತ್ತಾರೆಂದು ಅಳಿಯಂದಿರ ವಾದ. ಮಾಸ್ತರರ ಧರ್ಮಪತ್ನಿ ನಮ್ಮ ಕಡೆ ತಿರುಗಿ, “ಅಣ್ಣಾವರ, ನೋವು ಉಣ್ಣೋರು ಇವರು, ದಿನಾ ಎಣಿಸೋರು ಡಾಕ್ಟರು. ಇದೆಂಥಾ ನ್ಯಾಯ?” ಎಂದರು. ನಮಗೆ ಆಗ ಉತ್ತರ ಹೊಳೆಯಲಿಲ್ಲ. ಆದ್ದರಿಂದ ನಾವೊಬ್ಬರೇ ಸಂಜೆ ಹಿಂದಕ್ಕೆ ಹೋಗಿ ವೈದ್ಯರನ್ನು ಮತ್ತೆ ಕಂಡೆವು. ಅವರು ಬೇಸರಿಸಿಕೊಳ್ಳದೆ ಮುಕ್ಕಾಲು ಗಂಟೆ ಮಾತನಾಡಿದರು. ಅವರು ಹೇಳಿದ್ದರ ಸಾರ ಹೀಗಿದೆ.

ಮೊಣಕಾಲಿನ ಮುಂದೆ ಚರ್ಮದ ಕೆಳಗೆ ಕೊಬ್ಬಿನ ಪದರವಿದೆ, ಸುತ್ತಲೂ ಸ್ನಾಯುಗಳಿವೆ, ರಕ್ತ ಧಾರಾಳವಾಗಿ ಬರುತ್ತದೆ. ಹರಡಿನ ಮುಂದೆ ಇವಾವುವೂ ಇಲ್ಲ. ಓದುಗರು ತಮ್ಮ ಹರಡಿನ ಮೇಲೆ ಬೆರಳಾಡಿಸಿ ನೋಡಬಹುದು: ಚರ್ಮ, ಅದರ ಕೆಳಗೆ ನೇರವಾಗಿ ಹಗ್ಗದಂತೆ ಸೆಟೆದ ಸ್ನಾಯುರಜ್ಜುಗಳು, ಅವುಗಳ ಕೆಳಗೆ ಎಲುಬು. ಸ್ನಾಯುವಿನ ಮಾಂಸಲ ಭಾಗವೆಲ್ಲ ಮೇಲೆಯೇ ಮುಗಿದುಹೋಗಿರುತ್ತದೆ. ಹೃದಯದಿಂದ ಇಷ್ಟು ದೂರದ ಈ ತೆಳುಚರ್ಮಕ್ಕೆ ರಕ್ತವನ್ನು ತರುವ ನಾಳಗಳು ಸಣ್ಣವು. ಸಾಮಾನ್ಯವಾಗಿ ಕೃತಕ ಕೀಲನ್ನು ಕೂರಿಸುವುದು ಮುಂಭಾಗದಿಂದಲೇ. ಅಂದರೆ ದೇಹವು ಅತ್ಯಂತ ಬಡವಾಗಿರುವ ಸ್ಥಳದಲ್ಲಿಯೇ ಮುಕ್ಕಾಲು ಗೇಣು ಉದ್ದದ ಗಾಯವನ್ನು ಮಾಡಬೇಕಾಗುತ್ತದೆ.

ಆ ಗಾಯ ಬಾಯಿಬಿಟ್ಟರೆ ಏನಾಗುತ್ತದೆ? ಅಂಚು ಸ್ವಲ್ಪ ಕಪ್ಪಾಗಿ ತಾನೇ ಮಾಯುವುದೂ ಉಂಟು. ಆದರೆ ಬಿರುಕು ಆಳಕ್ಕಿಳಿದರೆ ರಜ್ಜು ಹೊರಗೆ ಕಾಣುತ್ತದೆ, ರಜ್ಜುವಿನ ಹಿಂದೆಯೇ ಲೋಹವಿದೆ. ಲೋಹದ ಮೈಗೆ ಒಮ್ಮೆ ರೋಗಾಣುಗಳು ಅಂಟಿದರೆ ಅವು ತಮ್ಮ ಸುತ್ತ ಒಂದು ಲೋಳೆಯ ಪೊರೆಯನ್ನು ಕಟ್ಟಿಕೊಳ್ಳುತ್ತವೆ; ಪ್ರತಿಜೈವಿಕ ಔಷಧಿಗಳು ಆ ಪೊರೆಯನ್ನು ಭೇದಿಸಲಾರವು. ಆಗ ಬೇರೆಡೆಯ ಮಾಂಸಚರ್ಮವನ್ನು ತಂದು ಮುಚ್ಚಬೇಕು, ಇಲ್ಲವೆ ಕೀಲನ್ನೇ ಕಿತ್ತು ತೆಗೆಯಬೇಕು. ಕಡೆಗೆ ಕಾಲನ್ನೇ ಕಳೆದುಕೊಂಡವರೂ ಇದ್ದಾರೆ. “ಎಲುಬಿನ ಕೆಲಸವನ್ನು ನಾನು ಎರಡು ಗಂಟೆಯಲ್ಲಿ ಮುಗಿಸುತ್ತೇನೆ. ಚರ್ಮದ ಕೆಲಸ ಮೂರು ತಿಂಗಳು ಮೊದಲೇ ಅವರ ಮನೆಯಲ್ಲಿ ಆರಂಭವಾಗಬೇಕು” ಎಂದರು ವೈದ್ಯರು.

ಇದು ಬರಿಯ ಹೆದರಿಕೆಯ ಮಾತಲ್ಲವೆಂಬುದಕ್ಕೆ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನವಿದೆ. ಅಲ್ಲಿನ 17 ಸರಕಾರಿ ಆಸ್ಪತ್ರೆಗಳಲ್ಲಿ 50ರಿಂದ 85 ವರ್ಷದ 303 ಜನರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಕೆಲವರಿಗೆ ಕೃತಕ ಕೀಲನ್ನೂ ಉಳಿದವರಿಗೆ ಬೆಸುಗೆಯನ್ನೂ ನಿಗದಿ ಮಾಡಿದರು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಬಳಿಕ ಎರಡೂ ಪಾಲಿನವರು ಬಹಳ ಸುಧಾರಿಸಿದ್ದರು. ನಡೆಯುವ ನಿಲ್ಲುವ ಶಕ್ತಿಯಲ್ಲಿ ಖಚಿತವೆನ್ನಬಹುದಾದ ಅಂತರವಿರಲಿಲ್ಲ. ಆದರೆ ಗಾಯ ಮಾಯುವ ತೊಂದರೆ ಕೃತಕ ಕೀಲಿನವರಲ್ಲಿ ಶೇಕಡಾ 13.4, ಬೆಸುಗೆಯವರಲ್ಲಿ ಶೇಕಡಾ 5.7. ರಕ್ತ ಹೆಪ್ಪುಗಟ್ಟುವ ತೊಂದರೆಯಾದರೋ ಬೆಸುಗೆಯವರಲ್ಲಿಯೇ ಸ್ವಲ್ಪ ಹೆಚ್ಚು. ನುರಿತ ಕೈಗಳಲ್ಲಿಯೂ ಏಳೆಂಟು ಜನರಲ್ಲಿ ಒಬ್ಬರಿಗೆ ಗಾಯದ ಒಂದಿಲ್ಲೊಂದು ತೊಂದರೆ ಎಂದಾಯಿತು. ಅದರಲ್ಲಿ ಸಕ್ಕರೆ ಕಾಯಿಲೆ, ತಂಬಾಕು, ಸಂಧಿವಾತ, ರಕ್ತನಾಳದ ಬೇನೆ ಇರುವವರ ಪಾಲು ಇನ್ನೂ ಭಾರವಾದದ್ದು.

ಹಾಗಾದರೆ ಮಾಸ್ತರರಂಥವರಿಗೆ ಬೆಸುಗೆಯೇ ಲೇಸಲ್ಲವೆ ಎಂದು ನಾವು ಕೇಳಿದೆವು. ಕೆಲವರಿಗೆ ಖಂಡಿತ ಲೇಸು, ಅದರಲ್ಲಿಯೂ ದುರ್ಬೀನಿನ ನಳಿಕೆಯನ್ನು ಸಣ್ಣ ರಂಧ್ರಗಳ ಮೂಲಕ ತೂರಿಸಿ ಮಾಡುವ ಬೆಸುಗೆಯಲ್ಲಿ ಚರ್ಮಕ್ಕಾಗುವ ಗಾಯ ಬಹಳ ಕಡಿಮೆ ಎಂದು ಉತ್ತರ ಬಂದಿತು. ಆದರೆ ಮಾಸ್ತರರಿಗೆ ಹರಡಿನ ಕೆಳಗಿನ ಇನ್ನೊಂದು ಕೀಲೂ ಸವೆದಿತ್ತು. ಮೇಲಿನದನ್ನು ಬೆಸೆದರೆ ಅದರ ಭಾರವೆಲ್ಲ ಆ ಕೆಳಗಿನದರ ಮೇಲೆ ಬೀಳುತ್ತಿತ್ತು. ಪಾದದ ಸ್ಪರ್ಶಜ್ಞಾನ ಉಳಿದಿದೆಯೇ ಎಂದು ನೈಲಾನಿನ ಒಂದು ಎಳೆಯಿಂದ ಚುಚ್ಚಿ ಪರೀಕ್ಷಿಸಿದ್ದರು, ಉಳಿದಿತ್ತು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಹೋಗಿದ್ದರೆ ಕೃತಕ ಕೀಲಿನ ಮಾತನ್ನೇ ಎತ್ತುತ್ತಿರಲಿಲ್ಲವಂತೆ.

ಇನ್ನು ಆ ಮೂರು ತಿಂಗಳ ಕಥೆ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಎರಡು ಮೂರು ತಿಂಗಳುಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ. ಕೆಂಪು ರಕ್ತಕಣವೊಂದರ ಆಯುಷ್ಯ ಸುಮಾರು 120 ದಿನ. ಅಷ್ಟು ದಿನಗಳಲ್ಲಿ ಅದಕ್ಕೆ ಅಂಟಿದ ಸಕ್ಕರೆಯೇ ಸಾಕ್ಷಿ. ಆದುದರಿಂದ ಪರೀಕ್ಷೆಯ ಹಿಂದಿನ ಎರಡು ದಿನ ಉಪವಾಸವಿದ್ದು ಈ ಅಂಕವನ್ನು ಮೋಸಗೊಳಿಸಲಾಗದು. ಮಾಸ್ತರರದು 9.4 ಇತ್ತು. 8ರ ಕೆಳಗೆ, ಸಾಧ್ಯವಾದರೆ 7.5ರ ಹತ್ತಿರ ತರಬೇಕೆಂದು ವೈದ್ಯರ ಕರಾರು. ಸಕ್ಕರೆ ಹೆಚ್ಚಿದ ರಕ್ತದಲ್ಲಿ ರೋಗಾಣುಗಳನ್ನು ನುಂಗುವ ಬಿಳಿಕಣಗಳು ಮಂದವಾಗುತ್ತವೆ, ಹೊಸ ಚರ್ಮವನ್ನು ಹೆಣೆಯುವ ಕೆಲಸವೂ ನಿಧಾನವಾಗುತ್ತದೆ. ಇನ್ಸುಲಿನ್ ಎಂದರೆ ಕಡೆಗಾಲದ ಔಷಧವೆಂದು ಮಾಸ್ತರರು ಅಷ್ಟು ವರ್ಷ ದೂರವಿಟ್ಟಿದ್ದರು. ಈಗ ಒಪ್ಪಿದರು. ಸೊಸೆ ಒಂದು ನೋಟುಬುಕ್ಕಿನಲ್ಲಿ ದಿನಕ್ಕೆರಡು ಸಲ ಅಂಕಗಳನ್ನು ಬರೆದಿಟ್ಟಳು. ಗಣಿತದ ಮಾಸ್ತರರಿಗೆ ಆ ಪುಸ್ತಕವೇ ಒಂದು ಪರೀಕ್ಷೆಯಾಯಿತು. ಸೆಪ್ಟೆಂಬರಿನಲ್ಲಿ ಅಂಕ 7.6ಕ್ಕೆ ಇಳಿದಿತ್ತು.

ತಂಬಾಕಿನದು ಅಷ್ಟು ಸುಲಭವಾಗಲಿಲ್ಲ. ಹೊಗೆ ಸೇದುವವರಿಗೆ ಎರಡು ಪೆಟ್ಟು: ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡಿ ಸಂಕುಚಿತಗೊಳಿಸುತ್ತದೆ, ಹೊಗೆಯ ಇಂಗಾಲದ ಮಾನಾಕ್ಸೈಡು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಬಳಿಸುತ್ತದೆ. ಜಗಿಯುವವರಿಗೆ ಎರಡನೆಯದು ತಪ್ಪಿತು, ಮೊದಲನೆಯದು ತಪ್ಪಲಿಲ್ಲ. “ನಾನು ಬೀಡಿ ಸೇದೋದಿಲ್ಲಲ್ಲ!” ಎಂಬ ಮಾಸ್ತರರ ಸಮಾಧಾನ ಅರ್ಧ ಸತ್ಯ ಮಾತ್ರ. ನಮ್ಮ ಮನೆಗಳಲ್ಲಿ ಈ ಅರ್ಧ ಸತ್ಯ ಬಹಳ ಚಲಾವಣೆಯಲ್ಲಿದೆ. ಊಟವಾದ ಮೇಲೆ ತಟ್ಟೆಯಲ್ಲಿ ಎಲೆ ಅಡಿಕೆಯ ಪಕ್ಕದಲ್ಲಿ ತಂಬಾಕನ್ನೂ ಇಟ್ಟು ಅತಿಥಿಗೆ ನೀಡುವ ಮನೆಗಳನ್ನು ನಾವು ಬಲ್ಲೆವು, ಅದನ್ನು ಒಂದು ವ್ಯಸನವೆಂದು ಆ ಮನೆಯವರು ಎಣಿಸುವುದೇ ಇಲ್ಲ.

ಬಿಟ್ಟರೆ ಪ್ರಯೋಜನ ಎಷ್ಟು? ಡೆನ್ಮಾರ್ಕಿನಲ್ಲಿ ಮೋಲರ್ ಮತ್ತು ಸಂಗಡಿಗರು ಸೊಂಟ ಅಥವಾ ಮೊಣಕಾಲಿನ ಕೀಲು ಬದಲಾವಣೆಗೆ ಕಾದಿದ್ದ 120 ಧೂಮಪಾನಿಗಳ ಮೇಲೆ ಮಾಡಿದ ಪ್ರಯೋಗ 2002ರಲ್ಲಿ ಪ್ರಕಟವಾಗಿದೆ. ಅರ್ಧ ಜನರಿಗೆ ಶಸ್ತ್ರಚಿಕಿತ್ಸೆಗೆ ಆರೆಂಟು ವಾರ ಮೊದಲೇ ಧೂಮಪಾನ ಬಿಡಿಸುವ ನೆರವು ನೀಡಿದರು, ಉಳಿದವರಿಗೆ ಇಲ್ಲ. ಗಾಯದ ತೊಂದರೆ ನೆರವು ಪಡೆದವರಲ್ಲಿ ಶೇಕಡಾ 5, ಪಡೆಯದವರಲ್ಲಿ ಶೇಕಡಾ 31! ಹರಡಿನ ವಿಷಯದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು 2016ರಲ್ಲಿ ತಮ್ಮ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದರು. ಆಗಲೂ ಸೇದುತ್ತಿದ್ದವರ ಗಾಯಗಳು ಹೆಚ್ಚಾಗಿ ಬಿರಿದಿದ್ದವು. ಹಿಂದೆ ಸೇದಿ ಬಿಟ್ಟವರಿಗೂ ಎಂದೂ ಸೇದದವರಿಗೂ ಗಣನೀಯ ಭೇದ ಕಾಣಲಿಲ್ಲ. ಈ ಕಡೆಯ ಮಾತನ್ನು ನಾವು ಮಾಸ್ತರರಿಗೆ ಎರಡು ಸಲ ಓದಿ ಹೇಳಿದೆವು. ನಲವತ್ತು ವರ್ಷ ಜಗಿದಾಯಿತು, ಇನ್ನು ಬಿಟ್ಟೇನು ಫಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ಸಿಕ್ಕಿಲ್ಲ.

ಆಹಾರದ ವಿಷಯ ನಮ್ಮ ಸಸ್ಯಾಹಾರಿ ಮನೆಗಳಿಗೆ ನೇರವಾಗಿ ಸಂಬಂಧಿಸಿದ್ದು. ಗಾಯ ಮಾಯಬೇಕಾದರೆ ದೇಹಕ್ಕೆ ಪ್ರೋಟೀನು ಬೇಕು. ರಕ್ತದ ಆಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಮಿಗಿಂತ ಕಡಿಮೆಯಿದ್ದರೆ ಶಸ್ತ್ರವೈದ್ಯರು ಎಚ್ಚರಗೊಳ್ಳುತ್ತಾರೆ. ಅದು ಆಹಾರದ ಕೊರತೆಯಿಂದಷ್ಟೇ ಅಲ್ಲ, ದೇಹದೊಳಗಿನ ಉರಿಯೂತದಿಂದಲೂ ಇಳಿಯಬಹುದು. ಮಾಸ್ತರರದು 3.3. ಎರಡು ಹೊತ್ತು ರೊಟ್ಟಿ, ಪಲ್ಯ, ಸಾರು, ಅನ್ನ. ಹೊಟ್ಟೆ ತುಂಬುತ್ತಿತ್ತು, ಆದರೆ ಬೇಳೆ ಸಾರಿನ ತಳದಲ್ಲಿ ಹುಡುಕಿದರೆ ಸಿಗುವಷ್ಟು ಮಾತ್ರ. ಮೊಟ್ಟೆಯ ಮಾತು ಬಂದಾಗ ತಾಯಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಹಾರತಜ್ಞೆ ನಕ್ಕು, “ಬೇಡಮ್ಮ, ನಿಮ್ಮ ಡಬ್ಬಿಗಳಲ್ಲಿಯೇ ಎಲ್ಲ ಇದೆ” ಎಂದರು. ಮಾಯುವ ಕಾಲದಲ್ಲಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕೆಂಬುದು ಲೆಕ್ಕ. 62 ಕಿಲೋ ತೂಗುವ ಮಾಸ್ತರರಿಗೆ 75 ಗ್ರಾಮಿನಿಂದ 90 ಗ್ರಾಂ. ನೂರು ಗ್ರಾಂ ಒಣ ಬೇಳೆಯಲ್ಲಿ ಇಪ್ಪತ್ತೆರಡರಷ್ಟು ಸಿಗುತ್ತದೆ. ಮೊಳಕೆ ಕಟ್ಟಿದ ಹೆಸರು, ಗಟ್ಟಿ ಬೇಳೆ, ಮೊಸರು, ಪನೀರು, ಶೇಂಗಾ, ಸೋಯಾ ಹೀಗೆ ಕೂಡಿಸುತ್ತ ಹೋದರು. ಸಕ್ಕರೆ ಕಾಯಿಲೆಯವರು ಪ್ರೋಟೀನನ್ನು ಹೆಚ್ಚಿಸುವ ಮೊದಲು ಮೂತ್ರಪಿಂಡದ ಪರೀಕ್ಷೆ ಮಾಡಿಸಲೇಬೇಕು. ಇದನ್ನು ಆ ತಜ್ಞೆಯೇ ನೆನಪಿಸಿದರು. ಶ್ರಾವಣ ಸೋಮವಾರದ ಉಪವಾಸವನ್ನು ಆ ವರ್ಷ ಮಾಸ್ತರರು ಬಿಟ್ಟರು. ಬಿಡಲು ಹೇಳಿದವರು ನಾವು.

ಕಾಲಿಗೆ ರಕ್ತ ತಲಪುತ್ತಿದೆಯೇ ಎಂಬ ಪರೀಕ್ಷೆಯೂ ನಡೆಯಿತು. ತೋಳಿನ ರಕ್ತದೊತ್ತಡಕ್ಕೂ ಹರಡಿನ ರಕ್ತದೊತ್ತಡಕ್ಕೂ ಇರುವ ಪ್ರಮಾಣವನ್ನು ನೋಡುವುದು ರೂಢಿ, 0.9ಕ್ಕಿಂತ ಕೆಳಗಿದ್ದರೆ ನಾಳದಲ್ಲಿ ತಡೆ ಇದೆಯೆಂದು ಸಂಶಯ. ಸಕ್ಕರೆ ಕಾಯಿಲೆಯವರಲ್ಲಿ ಮಾತ್ರ ನಾಳಗಳ ಗೋಡೆ ಸುಣ್ಣಗಟ್ಟಿ ಗಡುಸಾಗಿ ಈ ಅಂಕ ಸುಳ್ಳಾಗಿ ಹೆಚ್ಚಿ ತೋರುವುದುಂಟು. ಆದ್ದರಿಂದ ಅವರಿಗೆ ಕಾಲ್ಬೆರಳಿನ ಒತ್ತಡವನ್ನೂ ನೋಡುತ್ತಾರೆ.

ಸಂಧಿವಾತದ ರೋಗಿಗಳ ಬಗ್ಗೆ ಒಂದು ಮಾತು. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹರಡಿನ ಗಾಯ ಮತ್ತೆ ಶಸ್ತ್ರಚಿಕಿತ್ಸೆ ಬೇಡುವಷ್ಟು ಕೆಡುವುದಕ್ಕೆ ಎಲ್ಲಕ್ಕಿಂತ ಪ್ರಬಲವಾದ ಕಾರಣವೆಂದು ಕಂಡುಬಂದದ್ದು ಸಂಧಿವಾತದಂಥ ಉರಿಯೂತದ ಬೇನೆಯೇ. ಇಂಥವರು ತೆಗೆದುಕೊಳ್ಳುವ ಔಷಧಿಗಳಲ್ಲಿ ಮೆಥೊಟ್ರೆಕ್ಸೇಟನ್ನು ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಬಯಲಾಜಿಕ್ ಎಂಬ ಹೊಸ ಸೂಜಿಮದ್ದುಗಳನ್ನು ಕೆಲಕಾಲ ತಡೆಹಿಡಿಯುತ್ತಾರೆ. ಸ್ಟೆರಾಯ್ಡನ್ನು ಆದಷ್ಟು ಕಡಿಮೆ ಮಾಡುತ್ತಾರೆ. ಯಾವುದನ್ನೂ ರೋಗಿಯೇ ನಿಲ್ಲಿಸಕೂಡದು. ಸ್ಟೆರಾಯ್ಡನ್ನು ಒಮ್ಮೆಲೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ.

ಸೆಪ್ಟೆಂಬರಿನ ಕೊನೆಯಲ್ಲಿ ಎಲ್ಲರೂ ಮತ್ತೆ ಬೆಂಗಳೂರಿಗೆ ಹೋದರು. ಮಗನದು ಮತ್ತೆ ರಜೆ. ಶಸ್ತ್ರಚಿಕಿತ್ಸೆಗೆ ಎರಡು ದಿನವಿರುವಾಗ ಮೂತ್ರದಲ್ಲಿ ಕೊಟಿನಿನ್ ಪರೀಕ್ಷೆ ಮಾಡಿದರು. ನಿಕೋಟಿನ್ ದೇಹದಲ್ಲಿ ಕರಗಿ ಕೊಟಿನಿನ್ ಆಗುತ್ತದೆ, ಹಲವು ದಿನ ಉಳಿಯುತ್ತದೆ. ಮಾಸ್ತರರ ಮೂತ್ರದಲ್ಲಿ ಅದು ಸಿಕ್ಕಿತು. ಗಣೇಶ ಚವತಿಯಿಂದ ಈಚೆಗೆ ಹಿತ್ತಲಲ್ಲಿ ದಿನಕ್ಕೊಂದು ಚಿಟಿಕೆ ಎಂದು ಒಪ್ಪಿಕೊಂಡರು. ವೈದ್ಯರು ಬೈಯಲಿಲ್ಲ, ದಿನಾಂಕವನ್ನು ಹೊಡೆದುಹಾಕಿ ಎರಡು ತಿಂಗಳು ಮುಂದಕ್ಕೆ ಬರೆದರು. ಆ ರಾತ್ರಿ ರೈಲಿನಲ್ಲಿ ಯಾರೂ ಅವರೊಡನೆ ಮಾತಾಡಲಿಲ್ಲವಂತೆ. ನಾವು ಆಗ ಜೊತೆಗಿರಲಿಲ್ಲ. ಇದ್ದಿದ್ದರೆ ನಾವೂ ಮಾತಾಡುತ್ತಿದ್ದೆವೋ ಇಲ್ಲವೋ!

ಡಿಸೆಂಬರ್ ಮೊದಲ ವಾರದಲ್ಲಿ ಪರೀಕ್ಷೆ ಶುದ್ಧವಾಗಿ ಬಂದು ಶಸ್ತ್ರಚಿಕಿತ್ಸೆ ನಡೆಯಿತು. ಅದರ ವಿವರದಲ್ಲಿ ಎರಡು ಮೂರು ಸಂಗತಿಗಳು ನಮಗೆ ಹೊಸವು. ಸಣ್ಣ ಗಾಯವೇ ಒಳ್ಳೆಯದೆಂದು ನಾವು ತಿಳಿದಿದ್ದೆವು. ಇಲ್ಲಿ ಅದು ತಪ್ಪು. ಗಾಯ ಚಿಕ್ಕದಾದರೆ ಒಳಗೆ ಕೆಲಸ ಮಾಡಲು ಅಂಚುಗಳನ್ನು ಉಪಕರಣಗಳಿಂದ ಜಗ್ಗಬೇಕಾಗುತ್ತದೆ, ಜಗ್ಗಿದ ಚರ್ಮವೇ ಸಾಯುವುದು. ಸಾಕಷ್ಟು ಉದ್ದಕ್ಕೆ ಕೊಯ್ದು, ಚರ್ಮವನ್ನು ಕೆಳಗಿನ ಪದರದಿಂದ ಬಿಡಿಸದೆ, ಜಗ್ಗುವುದೇನಿದ್ದರೂ ಆಳದಲ್ಲಿ ಮಾತ್ರ ಮೆಲ್ಲಗೆ ಮಾಡುತ್ತಾರೆ. ಮುಂಗಾಲಿನ ದಪ್ಪ ರಜ್ಜುವಿಗೆ ಒಂದು ಒರೆಯಿದೆ. ಅದನ್ನು ತೆರೆಯದೆ ಪಕ್ಕದಿಂದ ಹೋಗಲು ಯತ್ನಿಸುತ್ತಾರೆ, ಏಕೆಂದರೆ ಒರೆ ಕಳಚಿದ ರಜ್ಜು ಬಿಲ್ಲಿನ ಹೆದೆಯಂತೆ ಸೆಟೆದು ಹೊಲಿಗೆಯನ್ನು ಒಳಗಿನಿಂದ ನೂಕುತ್ತದೆ. ಒಳಗೆ ರಕ್ತ ಮಡುಗಟ್ಟದಂತೆ ಔಷಧಿ ಕೊಡುತ್ತಾರೆ. ಸಕ್ಕರೆ 180 ಮೀರದಂತೆ ನೋಡಿಕೊಳ್ಳುತ್ತಾರೆ. ಹೊಲಿದ ಮೇಲೆ ಪಾದವನ್ನು ನೇರ ಕೋನದಲ್ಲಿ ಪಟ್ಟಿಯಿಂದ ಕಟ್ಟಿ ಅಲುಗಾಡದಂತೆ ಮಾಡುತ್ತಾರೆ. ಕೀಲು ಬದಲಿಸಿದ್ದು ಆಡಲೆಂದೇ ಆದರೂ ಚರ್ಮ ಕೂಡುವವರೆಗೆ ಆಡಿಸಕೂಡದು.

ಮಾಸ್ತರರ ಹೊಲಿಗೆಯ ಮೇಲೆ ಒಂದು ವಾರ ಸಣ್ಣ ಯಂತ್ರಕ್ಕೆ ಜೋಡಿಸಿದ ಪಟ್ಟಿಯಿತ್ತು. ಅದು ಗಾಯದ ಮೇಲೆ ಮೆಲ್ಲಗೆ ಗಾಳಿಯನ್ನು ಹೀರಿ ಅಂಚುಗಳನ್ನು ಹತ್ತಿರ ಹಿಡಿದು ದ್ರವವನ್ನು ಎಳೆದುಕೊಳ್ಳುತ್ತದೆ. ಹರಡಿನ ಗಾಯಕ್ಕೆ ಇದರಿಂದ ತೊಂದರೆಗಳು ಬಹಳ ಕಡಿಮೆಯಾದವೆಂದು 2015ರಲ್ಲಿ ಒಂದು ಅಧ್ಯಯನ ಹೇಳಿತು. ಆದರೆ ಅದು ನೂರಕ್ಕೂ ಕಡಿಮೆ ರೋಗಿಗಳದು, ಹಳೆಯ ದಾಖಲೆಗಳೊಂದಿಗೆ ಹೋಲಿಸಿದ್ದು. ಒಳ್ಳೆಯದೇ ಇರಬಹುದು, ಈ ಯಂತ್ರವಿದೆಯೆಂದು ಸಕ್ಕರೆಯನ್ನೂ ತಂಬಾಕನ್ನೂ ಮರೆಯುವಂತಿಲ್ಲ.

ಮನೆಗೆ ಕಳಿಸುವಾಗ ವೈದ್ಯರು ಹೇಳಿದ್ದು ಒಂದೇ ಮಾತು: ಮೂರು ವಾರ ಕಾಲು ಎದೆಗಿಂತ ಎತ್ತರದಲ್ಲಿರಲಿ. ಕಾಲು ಕೆಳಗಿಳಿದರೆ ಬಾವು ಬರುತ್ತದೆ, ಬಾವು ಬಂದರೆ ಆ ತೆಳುಚರ್ಮ ಬಿಗಿದು ಅದರ ಸಣ್ಣ ನಾಳಗಳು ಮುಚ್ಚಿಕೊಳ್ಳುತ್ತವೆ. ಮಂಚ, ಮೂರು ದಿಂಬು, ಕುರ್ಚಿಯಂಥ ಶೌಚಾಸನ, ಪೂಜೆಗೆ ಮಂಚದ ಮೇಲೆಯೇ ಅನುಕೂಲ, ಎಲ್ಲವನ್ನೂ ಸೊಸೆ ಮೊದಲೇ ಸಿದ್ಧ ಮಾಡಿದ್ದಳು. ಒಂದನ್ನು ಮಾತ್ರ ಯಾರೂ ಎಣಿಸಿರಲಿಲ್ಲ. ಅದು ನಮ್ಮ ಮರ್ಯಾದೆ. ಮಾಸ್ತರರನ್ನು ಮಾತಾಡಿಸಲು ಊರಿಗೆ ಊರೇ ಬರತೊಡಗಿತು. ಹಿರಿಯರ ಎದುರು ಕಾಲು ಚಾಚಿ ಮಲಗುವುದು ನಾವು ಮಠದಲ್ಲಿ ಕಲಿತ ನಡತೆಯಲ್ಲ. ಹನ್ನೊಂದನೆಯ ದಿನ ನಾವು ಮಠದ ಹಿರಿಯರೊಬ್ಬರನ್ನು ಕರೆದುಕೊಂಡು ಹೋದೆವು. ಅವರನ್ನು ಕಂಡೊಡನೆ ಮಾಸ್ತರರು ಎದ್ದು ಕುಳಿತು ಕಾಲು ಇಳಿಬಿಟ್ಟರು. ಒಂದು ಗಂಟೆಗೂ ಮಿಕ್ಕಿ ಹಳೆಯ ಮಾತುಗಳು ನಡೆದವು. ಬಾಗಿಲಲ್ಲಿ ನಿಂತ ಸೊಸೆ ಎರಡು ಸಲ ನಮ್ಮ ಮುಖ ನೋಡಿದಳು. ನಾವು ಗಮನಿಸಿದೆವು, ಆದರೆ ಏನೂ ಹೇಳಲಿಲ್ಲ.

ಹದಿಮೂರನೆಯ ದಿನ ಪಟ್ಟಿ ಬದಲಿಸುವಾಗ ಹೊಲಿಗೆಯ ನಡುವೆ ಎರಡು ಸೆಂಟಿಮೀಟರಿನಷ್ಟು ಅಂಚು ಕಪ್ಪಾಗಿತ್ತು. ತಾಯಿಯವರು ಅರಿಶಿನ, ಕೊಬ್ಬರಿ ಎಣ್ಣೆ ತಂದರು. ನೆರೆಯವರೊಬ್ಬರು ಭಸ್ಮ ಹಚ್ಚಿದರೆ ಒಣಗುತ್ತದೆಂದರು. ಸೊಸೆ ಯಾವುದನ್ನೂ ಮುಟ್ಟಗೊಡಲಿಲ್ಲ. ಫೋಟೊ ತೆಗೆದು ವೈದ್ಯರಿಗೆ ಕಳಿಸಿ, ಅಂದೇ ರಾತ್ರಿ ಬಸ್ಸಿನಲ್ಲಿ ಗಂಡನೊಡನೆ ಮಾವನನ್ನು ಹೊರಡಿಸಿದಳು. ಹೊಲಿದ ಗಾಯದ ಮೇಲೆ ವೈದ್ಯರು ಹೇಳದ ಯಾವ ಪುಡಿಯನ್ನೂ, ಅದು ಎಷ್ಟೇ ಪವಿತ್ರವಾಗಿರಲಿ, ಹಾಕಬಾರದೆಂದು ನಾವು ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇವೆ. ವೈದ್ಯರು ನೋಡಿ, ಕೆಳಗಿನ ಪದರ ಭದ್ರವಾಗಿದೆ, ಕೀವಿಲ್ಲ, ಜ್ವರವಿಲ್ಲ ಎಂದರು. ಹೊಲಿಗೆಗಳನ್ನು ಇನ್ನೂ ಒಂದು ವಾರ ಉಳಿಸಿದರು, ನಡೆದಾಟದ ದಿನವನ್ನು ಮುಂದಕ್ಕೆ ಹಾಕಿದರು, ವಾರಕ್ಕೆರಡು ಸಲ ಪಟ್ಟಿ ಬದಲಿಸಲು ಹೇಳಿದರು. ಕಾಲು ಇಳಿಬಿಟ್ಟದ್ದರಿಂದಲೇ ಹೀಗಾಯಿತೇ ಎಂದು ನಾವು ಫೋನಿನಲ್ಲಿ ಕೇಳಿದೆವು. ಒಂದೇ ಕಾರಣವನ್ನು ಬೆರಳುಮಾಡಿ ತೋರಿಸಲು ಬರುವುದಿಲ್ಲ ಎಂದರು. ಅದು ಅವರ ಸೌಜನ್ಯ. ಆ ಒಂದು ಗಂಟೆಯಲ್ಲಿ ನಮ್ಮ ಪಾಲೂ ಇತ್ತೆಂದು ನಾವು ಎಣಿಸಿಕೊಂಡಿದ್ದೇವೆ.

ಮರುದಿನವೇ ಆ ಮನೆಯ ಬಾಗಿಲಿಗೆ ಸೊಸೆಯ ಕೈಬರಹದ ಒಂದು ಕಾಗದ ಅಂಟಿತು: ಭೇಟಿ ಸಂಜೆ ಹತ್ತು ನಿಮಿಷ, ಮಾವನವರು ಮಲಗಿಯೇ ಇರುತ್ತಾರೆ, ಕ್ಷಮಿಸಬೇಕು. ಕೆಲವರು ಗೊಣಗಿದರು. ನಾವು ಮಠದ ಹಿರಿಯರಿಗೆ ವಿಷಯ ತಿಳಿಸಿದೆವು. ಅವರು ಬಹಳ ನೊಂದುಕೊಂಡು, “ನಮಗೆ ಮೊದಲೇ ಹೇಳಬಾರದೆ?” ಎಂದು ನಮ್ಮನ್ನೇ ಕೇಳಿದರು.

ಆ ಕಪ್ಪು ಅಂಚು ಉದುರಿ ಕೆಳಗಿನಿಂದ ಹೊಸ ಚರ್ಮ ಬಂದು ಗಾಯ ಪೂರ್ತಿ ಮುಚ್ಚಲು ಏಳು ವಾರ ಹಿಡಿಯಿತು. 2024ರ ಮಾರ್ಚಿನಲ್ಲಿ ಮಾಸ್ತರರು ಕೋಲು ಹಿಡಿದು ನಡೆದರು, ಮೇ ತಿಂಗಳಿನಲ್ಲಿ ಕೋಲಿಲ್ಲದೆ. ಈಗ ಬೆಳಗ್ಗೆ ತಮ್ಮ ಹಳೆಯ ಶಾಲೆಯವರೆಗೆ ಹೋಗಿ ಬರುತ್ತಾರೆ. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರುವುದಿಲ್ಲ, ಪಂಕ್ತಿಯಲ್ಲಿ ಅವರಿಗೊಂದು ಕುರ್ಚಿ. ಆ ಎರಡು ಸೆಂಟಿಮೀಟರಿನ ಕಲೆ ಮಾತ್ರ ಉಳಿದ ಗೆರೆಗಿಂತ ಅಗಲವಾಗಿ ಮಸುಕಾಗಿ ಕಾಣುತ್ತದೆ. ತಂಬಾಕಿನ ಚಂಚಿಯನ್ನು ತಾಯಿಯವರು ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾರೆ. ಕೀಲಿಕೈ ಎಲ್ಲಿದೆಯೆಂದು ಮಾಸ್ತರರು ನಮ್ಮನ್ನು ಇನ್ನೂ ಕೇಳುವುದುಂಟು.